ನಮ್ಮ ಮನೆಯವರ ಬೆನ್ನು ನೋವು

ನಮ್ಮ ಮನೆಯವರಿಗೆ ಬೆನ್ನು ನೋವಿಲ್ಲ. ಯಾವತ್ತೂ ಇರಲಿಲ್ಲ. ರಾಗಿ ಮೂಟೆಯನ್ನು ಯಾರ ಸಹಾಯವೂ ಇಲ್ಲದೆ ಎತ್ತಿಕೊಳ್ಳುವ ಬೆನ್ನು ಅದು. ಆದರೂ ವಿರೂಪಾಕ್ಷಿಪುರದ ಸುತ್ತ ಯಾರನ್ನು ಕೇಳಿದರೂ 'ಪಾಪ, ಆ ಮಿಲಿಟ್ರಿಯವರಿಗೆ ಬೆನ್ನು ನೋವು' ಅನ್ನುತ್ತಾರೆ. ಹಬ್ಬಿಸಿದ್ದು ನಮ್ಮತ್ತೆ. ಸೈನ್ಯದಿಂದ ನಿವೃತ್ತನಾಗಿ ಬಂದ ಮಗ ಯಾರ ಜೊತೆಗೂ ಬೆರೆಯುವುದಿಲ್ಲ, ಮದುವೆ ಮನೆಗೆ ಬರುವುದಿಲ್ಲ, ಎಲ್ಲಿ ಕೂತರೂ ಗೋಡೆಗೆ ಆತುಕೊಂಡೇ ಕೂರುತ್ತಾನೆ. ಅದಕ್ಕೊಂದು ಕಾರಣ ಬೇಕಲ್ಲ. ತಲೆಯ ಮಾತು ಎತ್ತಿದರೆ ಊರು ಹುಚ್ಚು ಅನ್ನುತ್ತದೆ, ಬೆನ್ನು ಅಂದರೆ ಮರ್ಯಾದೆ ಉಳಿಯುತ್ತದೆ. ಅತ್ತೆಯದು ಕೆಟ್ಟ ಬುದ್ಧಿಯಲ್ಲ. ಆ ಸುಳ್ಳು ಅಷ್ಟು ಚೆನ್ನಾಗಿ ನಡೆದುಹೋಯಿತಲ್ಲ, ನನಗೆ ಸಿಟ್ಟು ಅದಕ್ಕೆ.

ಗಡಿಯಲ್ಲಿ ಅವರು ಏನು ಕಂಡರೋ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಮೈಮೇಲೆ ಒಂದು ಗೀರೂ ಇಲ್ಲ. ಹಿಂದಿನಿಂದ ಯಾರಾದರೂ ಮುಟ್ಟಿದರೆ ಮಾತ್ರ ಅವರು ಅವರಾಗಿರುವುದಿಲ್ಲ. ರಾತ್ರಿ ನಿದ್ದೆ ಮಾಡುವುದಿಲ್ಲ. ಅವರು ಎದ್ದಿದ್ದಾರೆಂದು ನಾನೂ ಎದ್ದಿರುತ್ತಿದ್ದೆ, ಬೆಳಿಗ್ಗೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವಾಗ ನಿಂತಲ್ಲೇ ತೂಕಡಿಸುತ್ತಿದ್ದೆ. ಇದು ಮನಸ್ಸಿಗೆ ಆದ ಗಾಯ, ತಪ್ಪದೆ ಬೆಂಗಳೂರಿಗೆ ಕರೆದುಕೊಂಡು ಬನ್ನಿ ಎಂದು ಸೈನ್ಯದವರ ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಹೇಳುವುದಕ್ಕೇನು.

ಒಂದು ಸಲ ನಾನೊಬ್ಬಳೇ ಅವರನ್ನು ಹೊರಡಿಸಿದೆ. ಚನ್ನಪಟ್ಟಣದಲ್ಲಿ ರೈಲು ಹತ್ತಿ, ಅವರ ಬೆನ್ನ ಹಿಂದೆ ನಾನೇ ಅಂಟಿಕೊಂಡು ನಿಂತಿದ್ದೆ. ಬಿಡದಿಯಲ್ಲಿ ಜನ ನುಗ್ಗಿದರು. ನಾನು ಒಂದು ಕಡೆ, ಅವರು ಒಂದು ಕಡೆ. ಅವರ ಮುಷ್ಟಿ ಬಿಗಿಯುವುದನ್ನು ಕಂಡವಳೇ ಜನರನ್ನು ತಳ್ಳಿಕೊಂಡು ಹೋಗಿ ಅವರನ್ನು ಕೆಳಗಿಳಿಸಿದೆ. ಬೆಂಚಿನ ಮೇಲೆ ಅವರು ನಡುಗುತ್ತಾ ಕೂತಿದ್ದರೆ, ಪಕ್ಕದಲ್ಲಿ ಇಬ್ಬರು ತಟ್ಟೆ ಇಡ್ಲಿ ಯಾವ ಹೋಟೆಲಿನಲ್ಲಿ ಚೆನ್ನಾಗಿರುತ್ತದೆಂದು ವಾದ ಮಾಡುತ್ತಿದ್ದರು. ವಾಪಸು ಬಂದೆವು. ಅವರ ಹಿಂದೆ ನಿಲ್ಲಲು ಒಬ್ಬ ಗಟ್ಟಿ ಆಳು ಬೇಕು, ವಿಷಯ ಗೊತ್ತಿರುವವನು ಬೇಕು. ಬರೀ ಬೆನ್ನು ನೋವಿನವರ ಜೊತೆಗೆ ಯಾರು ಕೆಲಸ ಬಿಟ್ಟು ಬರುತ್ತಾರೆ?

ಮಾಗಡಿಯಲ್ಲಿರುವ ನನ್ನ ಅಣ್ಣನಿಗೆ ನಿಜ ಹೇಳಿಬಿಡೋಣವೆಂದು ಫೋನ್ ಮಾಡಿದೆ. ಪಕ್ಕದಲ್ಲೇ ಅತ್ತೆ ಕೂತಿದ್ದರು. 'ಒಸಿ ಬಂದು ಹೋಗಣ್ಣ, ಇವರಿಗೆ ಜಾಸ್ತಿ ಆಗೈತೆ' ಎಂದಷ್ಟೇ ಹೇಳಲಾಯಿತು. ಅಣ್ಣ ಮಾರನೆಯ ದಿನವೇ ಬಂದ. ತಂಗಿಯ ಮೇಲಿನ ಪ್ರೀತಿಗೆ ಬೈಕಿನ ಹಿಂದೆ ಉಳುಕು ತೆಗೆಯುವ ಅಜ್ಜನೊಬ್ಬನನ್ನೂ ಕೂರಿಸಿಕೊಂಡು ಬಂದ.

ಉಳುಕು ತೆಗೆಯುವವರ ರೀತಿಯೇ ಹಾಗೆ. ನೋವಿನವರು ಮೈ ಬಿಗಿ ಹಿಡಿಯಬಾರದೆಂದು, ಗೊತ್ತಾಗದ ಹಾಗೆ ಹಿಡಿದು ಲಟಕ್ಕನೆ ಎಳೆಯುತ್ತಾರೆ. ನಾನು ಒಳಗೆ ನೀರು ತರಲು ಹೋಗಿದ್ದೆ. ಇವರು ಬಂದವರನ್ನು ಮಾತಾಡಿಸಬೇಕೆಂದು ಅಂಗಳದ ತೊಟ್ಟಿಯಲ್ಲಿ ಬಗ್ಗಿ ಕೈ ತೊಳೆಯುತ್ತಿದ್ದರು. ಅಜ್ಜ ಸದ್ದಿಲ್ಲದೆ ಹೋಗಿ ಹಿಂದಿನಿಂದ ಕಂಕುಳಿಗೆ ಕೈ ಹಾಕಿದ್ದಾನೆ.

ನಾನು ಚೊಂಬು ಹಿಡಿದು ಬರುವಷ್ಟರಲ್ಲಿ ಅಜ್ಜ ನೆಲದ ಮೇಲಿದ್ದ, ಇವರ ಕೈ ಅವನ ಕತ್ತಿನ ಮೇಲಿತ್ತು. ಅಣ್ಣ ಎಳೆಯಲು ಓಡಿದ. 'ಹಿಂದಿಂದ ಮುಟ್ಬ್ಯಾಡ ಕಣಣ್ಣ' ಎಂದು ಕೂಗಿ, ನಾನೇ ಎದುರಿಗೆ ಕೂತು ಅವರ ಮುಖ ಹಿಡಿದುಕೊಂಡೆ. ಇದು ಮನೆ, ಇದು ನಮ್ಮ ಅಂಗಳ, ನಾನು ಇಲ್ಲೇ ಇದ್ದೀನಿ ಎಂದು ಹೇಳುತ್ತಲೇ ಇದ್ದೆ. ಕೈ ಸಡಿಲವಾಯಿತು. ಅಜ್ಜ ಕೆಮ್ಮುತ್ತಾ ಎದ್ದು ಕೂತ. ಇವರು ಅಜ್ಜನ ಕಾಲು ಮುಟ್ಟಿ 'ತಪ್ಪಾಯ್ತು' ಎಂದವರು, ಯಾರ ಮುಖವನ್ನೂ ನೋಡದೆ ಹುಳು ಮನೆಯ ಹಿಂದಕ್ಕೆ ಹೋಗಿಬಿಟ್ಟರು.

ಅವತ್ತು ಅಣ್ಣನಿಗೆ ಎಲ್ಲವನ್ನೂ ಹೇಳಿದೆ. ಅತ್ತೆ ಅಳುತ್ತಾ ಕೂತರು, ನನ್ನನ್ನು ತಡೆಯಲಿಲ್ಲ. 'ಒಂದ್ಸಲ ಬೆಂಗಳೂರ್ಗೆ ಜೊತೇಲಿ ಬಾ ಅಣ್ಣ. ಅವರ ಹಿಂದೆ ನಿಂತ್ಕೊಂಡ್ರೆ ಸಾಕು, ಇನ್ನೇನೂ ಮಾಡ್ಬ್ಯಾಡ' ಎಂದೆ.

ಅಣ್ಣ ಅಜ್ಜನ ಕತ್ತನ್ನೇ ನೋಡುತ್ತಿದ್ದ. 'ಬಟ್ಟೆ ತಕ್ಕೊ, ಮನೆಗೆ ನಡಿ. ಇವತ್ತು ಈ ಅಜ್ಜ, ನಾಳೆ ನೀನು. ಭಾವನ ಜೊತೆ ರೈಲು ಹತ್ತೋದು ನನ್ ಕೈಲಾಗಲ್ಲ ಕಣವ್ವ' ಎಂದ.

ನನಗೆ ಹೋಗಬೇಕು ಅನ್ನಿಸಿತು. ತವರಿಗೆ ಹೋಗಿ, ಹಗಲು ಹೊತ್ತಿನಲ್ಲೇ, ಯಾರೂ ಎಬ್ಬಿಸದ ಹಾಗೆ ಮಲಗಬೇಕು ಅನ್ನಿಸಿತು. ಅದಕ್ಕಿಂತ ದೊಡ್ಡ ಆಸೆ ನನಗೆ ಆಗ ಇರಲಿಲ್ಲ. ಆದರೂ ಕಾಲು ಏಳಲಿಲ್ಲ. ಅಣ್ಣ ಸಿಟ್ಟು ಮಾಡಿಕೊಂಡು ಅಜ್ಜನನ್ನು ಕೂರಿಸಿಕೊಂಡು ಹೊರಟುಹೋದ.

ಸಂಜೆ ಹುಳು ಮನೆಯ ಹಿಂದಕ್ಕೆ ಕಾಫಿ ತೆಗೆದುಕೊಂಡು ಹೋದೆ. ಲೋಟ ಕೈಗೆ ತೆಗೆದುಕೊಳ್ಳದೆ, 'ನಿಮ್ಮಣ್ಣ ಹೇಳಿದ್ದು ಕೇಳಿಸ್ತು. ಹೋಗ್ಬುಡು' ಎಂದರು.

'ನಾನು ಹೋದ್ರೆ ನಿಮ್ಮನ್ನ ನೋಡ್ಕೊಳ್ಳೋರು ಯಾರು?'

'ನೀನು ಹೋದ್ರೆ ನಾನು ಒಸಿ ಮಲಿಕತೀನಿ.'

ನನಗೆ ಅರ್ಥವಾಗಲಿಲ್ಲ. ಅವರು ನೆಲ ನೋಡುತ್ತಲೇ ಹೇಳಿದರು. 'ಪಕ್ಕದಲ್ಲಿ ನೀನಿರ್ತೀಯ. ನಿದ್ದೆಗಣ್ಣಲ್ಲಿ ನಿನ್ ಕತ್ತಿಗೆ ಕೈ ಹಾಕ್ಬುಟ್ರೆ? ನಿದ್ದೆ ಬತ್ತದೆ, ನಾನೇ ಬರಾಕೆ ಬುಡಲ್ಲ.'

ಗಂಡನನ್ನು ಕಾಯುತ್ತಿದ್ದೇನೆಂದು ನಾನು ಅಷ್ಟೂ ರಾತ್ರಿ ಪಕ್ಕದಲ್ಲಿ ಎದ್ದಿದ್ದೆ. ನಾನು ಪಕ್ಕದಲ್ಲಿದ್ದೇನೆಂದೇ ಅವರು ಎದ್ದಿದ್ದರು.

ತವರಿಗೆ ಹೋಗಲಿಲ್ಲ. ಬೆಂಗಳೂರಿಗೆ ಜೊತೆಗೆ ಬರುವವರು ಇನ್ನೂ ಸಿಕ್ಕಿಲ್ಲ, ಕೇಳುತ್ತಲೇ ಇದ್ದೇನೆ. ಈಗ ಅತ್ತೆಯ ಕೋಣೆಯಲ್ಲಿ ಮಲಗುತ್ತೇನೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕೆಂದು ನಮ್ಮ ಮನೆಯವರೇ ಹೇಳಿದ್ದಾರೆ. ದಿನಾ ಮಲಗುವ ಮೊದಲು ಬಂದು, ಹೊರಗಿನಿಂದ ಬಾಗಿಲನ್ನು ಮೈಯೆಲ್ಲ ಬಲ ಹಾಕಿ ತಳ್ಳಿ ನೋಡುತ್ತಾರೆ. ತೆರೆಯದಿದ್ದರೆ ಹೋಗಿ ನಿದ್ದೆ ಮಾಡುತ್ತಾರೆ.