ತೊಡೆ ಯಾವ ಕಡ್ಡಿಯಲ್ಲಿ?

ಮೊನ್ನೆ ಭಾನುವಾರ ಚಳ್ಳಕೆರೆಯಿಂದ ಊರಿಗೆ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ಒಂದು ಅನಾನಸ್ ಹಣ್ಣು ಜುಟ್ಟು ಹೊರಗೆ ಹಾಕಿಕೊಂಡು ಕುಳಿತಿತ್ತು. ಮೊದಲೇ ಬಿಸಿಲು, ಮೇಲೆ ಎಂಜಿನ್ನಿನ ಕಾವು, ಹಣ್ಣೋ ಪೂರ್ತಿ ಮಾಗಿದ್ದು. ತಳಕು ದಾಟುವ ಹೊತ್ತಿಗೆ ಬಸ್ಸೆಲ್ಲ ಘಮಘಮ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಕೂಡ ಒಮ್ಮೆ ಮೂಗು ಅರಳಿಸಿದ. ಆ ವಾಸನೆಗೆ ಉಳಿದವರಿಗೆಲ್ಲ ಜ್ಯೂಸೋ ಕೇಸರಿಬಾತೋ ನೆನಪಾಗಿರಬೇಕು. ನನಗೆ ನೆನಪಾದದ್ದು ಕೋಳಿ. ಕೋಳಿಯ ಹಿಂದೆಯೇ ನಮ್ಮ ಅತ್ತೆ, ಅತ್ತೆಯ ಕೈಯಲ್ಲಿ ಸೌಟು. ನಗಬೇಡಿ, ಹಣ್ಣಿಗೂ ಕೋಳಿಗೂ ಅತ್ತೆಗೂ ಏನು ಸಂಬಂಧ ಎಂದು ಹೇಳುತ್ತೇನೆ. ಊರು ಬರಲು ಇನ್ನೂ ಹೊತ್ತಿದೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಕೋಳಿಯ ತೊಡೆ ಎಂದರೆ ನನಗೆ ಪ್ರಾಣ. ಹೀಗೆ ಬರೆಯಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ. ಹೆಂಗಸಾದವಳು ಮಲ್ಲಿಗೆ ಇಷ್ಟ, ರೇಷ್ಮೆ ಸೀರೆ ಇಷ್ಟ ಎಂದರೆ ಎಲ್ಲರೂ ತಲೆದೂಗುತ್ತಾರೆ. ತೊಡೆ ಇಷ್ಟ ಎಂದರೆ ಹೊಟ್ಟೆಬಾಕಿ ಎನ್ನುತ್ತಾರೆ. ಈ ತೊಡೆಗಾಗಿ ಮನೆಯಲ್ಲಿ ಆಡಿದ ಜಗಳವನ್ನು ನನ್ನ ಮಗಳ ಪಾಲಿಗಾಗಿ ಆಡಿದೆ ಎಂದು ಬರೆದರೆ ಓದುವವರಿಗೂ ಹಿತ, ನನಗೂ ಒಳ್ಳೆಯ ಹೆಸರು. ಸುಳ್ಳು ಯಾಕೆ ಹೇಳಲಿ? ನಾನು ಜಗಳವಾಡಿದ್ದು ನನಗಾಗಿ, ನನ್ನ ಬಾಯಿಗಾಗಿ.

ಇದಕ್ಕೆ ನಮ್ಮಪ್ಪನೇ ಕಾರಣ. ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಅವರಿಗೆ ಕೆಲಸ. ಬಟ್ಟೆ ಒಗೆದರೂ ಕಡಲೆಕಾಯಿ ಎಣ್ಣೆಯ ಕಮಟು ಹೋಗುತ್ತಿರಲಿಲ್ಲ. ಮನೆಯಲ್ಲಿ ಕೋಳಿ ಮಾಡಿದ ದಿನ ಒಂದು ತೊಡೆ ಅವ್ವನಿಗೆ, ಇನ್ನೊಂದು ಒಬ್ಬಳೇ ಮಗಳಾದ ನನಗೆ. “ನಾನು ದಿನಾ ಜಿಡ್ಡಿನಾಗೇ ಇರ್ತೀನಿ, ನಂಗೆ ಎಸರು ಸಾಕು” ಎನ್ನುತ್ತಿದ್ದರು ಅಪ್ಪ. ಲೋಕವೆಲ್ಲ ಹೀಗೇ ಇರುತ್ತದೆ ಎಂದುಕೊಂಡೇ ನಾನು ಮದುವೆಯಾಗಿ ದೇವಸಮುದ್ರಕ್ಕೆ ಬಂದೆ.

ಬಂದ ಮನೆಯಲ್ಲಿ ಕುರಿ ಇದ್ದವು, ಹೊಲವಿತ್ತು, ಅಂಗಳದ ತುಂಬ ನಾಟಿ ಕೋಳಿಗಳಿದ್ದವು. ಮಾವ ತೀರಿಕೊಂಡಿದ್ದರು. ಯಜಮಾನಿಕೆ ಅತ್ತೆಯದು, ಅಂದರೆ ಸೌಟು ಅತ್ತೆಯದು. ನೀವು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಯಜಮಾನಿಯರನ್ನು ನೋಡಿರಬಹುದು. ಬೀಗ ಯಾವಾಗಲೋ ಒಮ್ಮೆ ತೆಗೆಯುವಂಥದ್ದು, ಸೌಟು ದಿನಕ್ಕೆ ಎರಡು ಸಲ ಏಳುವಂಥದ್ದು. ಯಾರು ಹೆಚ್ಚು, ಯಾರು ಕಡಿಮೆ ಎಂಬುದು ನಮ್ಮ ಮನೆಯಲ್ಲಿ ಆ ಸೌಟಿನ ತುದಿಯಲ್ಲಿ ತೀರ್ಮಾನವಾಗುತ್ತಿತ್ತು. ಅಳಿಯ ಬಂದರೆ ಅಳಿಯನಿಗೊಂದು ತೊಡೆ, ಮಗನಿಗೊಂದು ತೊಡೆ. ಲಿವರು, ಗುಂಡಿಗೆ ಗಂಡುಮಕ್ಕಳಿಗೆ. ಎಲ್ಲರ ಊಟವಾದ ಮೇಲೆ ಮಡಕೆಯ ತಳದಲ್ಲಿ ಕತ್ತು, ರೆಕ್ಕೆ, ಬೆನ್ನಿನ ಮೂಳೆ ಈಜಾಡುತ್ತಿದ್ದವು. ಅವು ಹೆಂಗಸರ ಪಾಲು. ಕೋಳಿ ಸಾಕುವವಳು ನಾನು, ಹಿಡಿಯುವವಳು ನಾನು, ಪುಕ್ಕ ತರಿಯುವವಳು ನಾನು, ಖಾರ ಅರೆಯುವವಳು ನಾನು. ರೆಕ್ಕೆ ತಿನ್ನುವವಳೂ ನಾನೇ. ವರ್ಷಗಟ್ಟಲೆ ತಿಂದೆ. ತೊಡೆ ಸೌಟಿನಲ್ಲಿ ಹೋಗುವುದನ್ನು ನೋಡುತ್ತಿದ್ದೆ, ಅಷ್ಟೇ.

ಒಂದು ದಿನ ತಡೆಯಲಾಗಲಿಲ್ಲ. ನಾದಿನಿಯ ಗಂಡ ಬಂದಿದ್ದರು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ಕೆಲಸ ಅವರದು, ಒಳ್ಳೆಯ ಮನುಷ್ಯ, ನಾನು ಅಣ್ಣ ಎಂದೇ ಕರೆಯುವುದು. ಸಾರು ಕುದಿದ ಮೇಲೆ ಒಂದು ತೊಡೆಯನ್ನು ನಾನೇ ಬಟ್ಟಲಿಗೆ ತೆಗೆದು ಮುಚ್ಚಿಟ್ಟೆ. ಬಡಿಸುವಾಗ ಅತ್ತೆ ಮಡಕೆಯನ್ನು ಎರಡು ಸುತ್ತು ತಿರುವಿದರು.

“ಈ ಕೋಳಿಗೆ ಒಂದೇ ಕಾಲಿತ್ತೇನೆ?”

“ಇನ್ನೊಂದು ನಾನು ಎತ್ತಿಟ್ಕಂಡೀನಿ ಅತ್ತೆ. ನಾನು ತಿಂತೀನಿ.”

ಪಡಸಾಲೆಯಲ್ಲಿ ಕೂತವರಿಗೆಲ್ಲ ಕೇಳಿಸಿತು. ಅಣ್ಣ ತಲೆ ತಗ್ಗಿಸಿ ಮುದ್ದೆ ಮುರಿಯತೊಡಗಿದರು. ಅತ್ತೆ ಹೆಚ್ಚೇನೂ ಕೂಗಾಡಲಿಲ್ಲ. “ಇಂಥ ಬಾಯಿ ನಮ್ಮ ವಂಶದಾಗೇ ಇರ್ಲಿಲ್ಲ” ಎಂದರು, ಅಷ್ಟೇ. ಅದು ನನ್ನನ್ನು ನೋಯಿಸಲಿಲ್ಲ. ನೋಯಿಸಿದ್ದು ನಮ್ಮವರು. ಎದ್ದು ಒಳಗೆ ಬಂದು, ನನ್ನ ಮುಖ ನೋಡದೆ, ಬಟ್ಟಲು ತೆಗೆದುಕೊಂಡು ಹೋಗಿ ಆ ತೊಡೆಯನ್ನೂ ಅಣ್ಣನ ತಟ್ಟೆಗೆ ಹಾಕಿದರು. ಅವರೇ ತಿಂದಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವತ್ತೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ: “ಇನ್ಮೇಲೆ ಆ ಸೌಟಿನಾಗಿಂದ ನಾನು ಕೋಳಿ ಬಡಿಸ್ಕಳ್ಳಲ್ಲ.” ಹಸಿವಾದರೆ ತಾನಾಗಿ ಬರುತ್ತಾಳೆ ಎಂದುಕೊಂಡರು. ಬರಲಿಲ್ಲ. ಕೋಳಿ ಮಾಡಿದ ದಿನ ನಾನು ಮಜ್ಜಿಗೆ, ಕಡಲೆಬೀಜದ ಚಟ್ನಿಪುಡಿ ಹಾಕಿಕೊಂಡು ಮುದ್ದೆ ಉಂಡೆ. ಸಾರಿನ ವಾಸನೆಗೆ ಬಾಯಲ್ಲಿ ನೀರೂರಿ ಮುದ್ದೆ ತಾನಾಗಿ ಜಾರುತ್ತಿತ್ತು, ಅದೊಂದು ಅನುಕೂಲ. ಸೌಟಿನ ಮೇಲೆ ಮುನಿಸಿಕೊಂಡು ಕೋಳಿಯನ್ನೇ ಬಿಟ್ಟ ಜಾಣೆ ಎಂದು ನೀವು ನಗಬಹುದು. ಆದರೆ ಒಂದು ಮಾತು ಹೇಳಿ ಅದನ್ನು ನಡೆಸುವ ಸುಖ ನನಗೆ ಆಗಲೇ ಗೊತ್ತಾದದ್ದು.

ಇದು ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷಗಳಾಗಿದ್ದ ಕಾಲ. ಕುದಾಪುರದ ಕಡೆ, ಉಳ್ಳಾರ್ತಿ ಕಾವಲಿನ ಕಡೆ ಜೀಪುಗಳು ಓಡಾಡತೊಡಗಿದ್ದವು. ಏನೋ ದೊಡ್ಡದು ಬರುತ್ತದಂತೆ ಎಂದು ಎಲ್ಲರೂ ಹೇಳುತ್ತಿದ್ದರು, ಏನೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮವರು ಡ್ರೈವಿಂಗ್ ಕಲಿತಿದ್ದರು, ಅಳತೆಗೆ ಬಂದ ಇಂಜಿನಿಯರುಗಳ ಜೀಪಿಗೆ ಕೆಲವು ತಿಂಗಳು ಹೋದರು. ಒಂದು ಸಂಜೆ ಬಂದವರೇ ಕೈಕಾಲೂ ತೊಳೆಯದೆ ಕಟ್ಟೆಯ ಮೇಲೆ ಕೂತರು.

“ಇವತ್ತು ಸಾಹೇಬ್ರು ಕೋಳಿ ಸುಟ್ರು ಕಣೆ. ಕೋಳೀನೂ ಅನಾನಸ್ಸೂ ಒಂದೇ ಕಡ್ಡೀಗೆ ಚುಚ್ಚಿ. ಹವಾಯಿ ಕಡೆ ಹಂಗೇ ಮಾಡ್ತಾರಂತೆ.”

ಹವಾಯಿ ಎಂದರೆ ನಮ್ಮೂರಿಗೆ ಗೊತ್ತಿದ್ದದ್ದು ಚಪ್ಪಲಿ. ಒಳಗಿನಿಂದ ಅತ್ತೆ, “ಕೆರದ ಹೆಸರಿಂದು ತಿಂದು ಬಂದೀಯೇನಲೇ?” ಎಂದರು. ನಮ್ಮವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಮುಖದಲ್ಲಿ ಏನೋ ಸಂಭ್ರಮವಿತ್ತು. “ಒಬ್ಬೊಬ್ರಿಗೆ ಎರಡೆರಡು ಕಡ್ಡಿ. ಸಾಹೇಬ್ರಿಗೂ ಅದೇ, ನಂಗೂ ಅದೇ. ಡ್ರೈವರ್ ಅಂತ ಮೂಳೆ ಕೊಡ್ಲಿಲ್ಲ ಕಣೆ” ಎಂದರು.

ನಾನು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ಅವರನ್ನೇ ನೋಡಿದೆ. ಆಡಿದ ಮಾತು ಅವರ ಕಿವಿಗೂ ಬಿದ್ದಿರಬೇಕು, ಎದ್ದು ಕಾಲು ತೊಳೆಯಲು ಹೋದರು. ನಾನು ಮಾತ್ರ ಅವತ್ತೇ ತೀರ್ಮಾನ ಮಾಡಿದೆ. ಕಡ್ಡಿಗೆ ಚುಚ್ಚಿದ ಕೋಳಿಗೆ ಸೌಟು ಬೇಡ. ಸೌಟೇ ಇಲ್ಲದ ಮೇಲೆ ಅತ್ತೆ ಇಲ್ಲ, ಅಳಿಯ ಇಲ್ಲ, ಸೊಸೆ ಇಲ್ಲ.

ನಮ್ಮವರು ಮರುದಿನ ಅಲ್ಲಿನ ಅಡುಗೆಯವರನ್ನು ಕೇಳಿಕೊಂಡು ಬಂದರು. ಸೋಯಾ ಸಾಸು, ಬೆಲ್ಲ, ಶುಂಠಿ, ಬೆಳ್ಳುಳ್ಳಿ, ಅನಾನಸ್ಸಿನ ರಸ. ಇಷ್ಟರಲ್ಲಿ ರಾತ್ರಿಯಿಡೀ ಕೋಳಿ ನೆನೆಯಬೇಕು. ನಾನು ಚಳ್ಳಕೆರೆಗೆ ಹೋಗಿ ಬಸ್ ಸ್ಟ್ಯಾಂಡಿನ ಗಾಡಿಯಲ್ಲಿ ಹಣ್ಣು ಕೊಂಡೆ. ಗೋಬಿ ಮಂಚೂರಿ ಗಾಡಿಯವನನ್ನು ಕಾಡಿ ಬೇಡಿ ಅರ್ಧ ಬಾಟಲಿ ಸಾಸು ತಂದೆ. ಸೈಕಲ್ ಶಾಪಿನಲ್ಲಿ ಚಕ್ರದ ಹೊಸ ಕಡ್ಡಿಗಳನ್ನು ಕೊಂಡು, ಬೂದಿ ಹಾಕಿ ತಿಕ್ಕಿ ತೊಳೆದೆ. ಮೊದಲ ಸಲವಲ್ಲವೇ, ಮೆತ್ತಗಿರಲಿ ಎಂದು ಅಂಗಡಿಯ ಫಾರಂ ಕೋಳಿ ತಂದು ರಾತ್ರಿ ನೆನೆಹಾಕಿದೆ. ಬೆಳಗ್ಗೆ ಮುಚ್ಚಳ ತೆಗೆದರೆ ಕೋಳಿಯೇ ಇಲ್ಲ! ಹಣ್ಣಿನ ರಸ ಮಾಂಸವನ್ನು ಕರಗಿಸಿಬಿಟ್ಟಿತ್ತು. ಕಡ್ಡಿಗೆ ಚುಚ್ಚಲು ಹೋದರೆ ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಮೆತ್ತಿಕೊಳ್ಳುತ್ತಿತ್ತು. ಸಾಹೇಬರು ಹಾಕಿದ್ದು ಡಬ್ಬಿಯ ಹಣ್ಣು, ಅದಕ್ಕೆ ಈ ಗುಣವಿಲ್ಲ ಎಂಬುದು ಆಮೇಲೆ ತಿಳಿಯಿತು. ಅತ್ತೆ ಪಾತ್ರೆಯೊಳಗೆ ಬಗ್ಗಿ ನೋಡಿದರು. ಸಂಜೆಯೊಳಗೆ “ನಮ್ಮ ಸೊಸೆ ಕೋಳಿ ಅಂಬಲಿ ಮಾಡ್ಯಾಳೆ” ಎಂಬ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ನೀರಿಗೆ ಬಂದ ಹೆಂಗಸರೆಲ್ಲ ನನ್ನ ಕಡೆ ನೋಡಿ ಸೆರಗಿನ ಮರೆಯಲ್ಲಿ ನಕ್ಕರು.

ನಕ್ಕರೆ ನಗಲಿ. ಫಾರಂ ಕೋಳಿಯನ್ನು ಕರಗಿಸುವ ರಸ ನಮ್ಮ ಮುದಿ ನಾಟಿ ಕೋಳಿಯನ್ನು ಏನು ಮಾಡೀತು ಎಂದು ನಾನು ಯೋಚಿಸತೊಡಗಿದೆ. ಮೊಟ್ಟೆ ನಿಲ್ಲಿಸಿದ ಒಂದು ಹ್ಯಾಟೆ ಅಂಗಳದಲ್ಲಿತ್ತು. ಮೂರು ಸಲ ಕುದಿಸಿದರೂ ಅದು ಬೇಯುವುದಿಲ್ಲ ಎಂದು ಅತ್ತೆಯೇ ಅದನ್ನು ಮುಟ್ಟಿರಲಿಲ್ಲ. ಅಣ್ಣ ಮತ್ತೆ ಬರುವ ದಿನಕ್ಕೇ ಕಾದೆ. ಅವರಿಲ್ಲದ ದಿನ ಮಾಡಿದರೆ ಕದ್ದು ತಿಂದ ಹಾಗಾಗುತ್ತದೆ, ನನಗೆ ಅದು ಬೇಡವಾಗಿತ್ತು. ಅವರು ಬಂದ ದಿನ ಮಧ್ಯಾಹ್ನವೇ ಆ ಕೋಳಿಯ ಮೂಳೆಯನ್ನೆಲ್ಲ ಬಿಡಿಸಿ, ಮಾಂಸವನ್ನು ಒಂದೇ ಅಳತೆಗೆ ಕೊಯ್ದು ನೆನೆಹಾಕಿದೆ. ಸಂಜೆ ಅಂಗಳದಲ್ಲಿ ಎರಡು ಇಟ್ಟಿಗೆಯ ಮೇಲೆ ಹಳೆಯ ಕಿಟಕಿಯ ಸರಳು ಹಾಸಿ, ಜಾಲಿ ಇದ್ದಿಲು ಕೆಂಡ ಮಾಡಿದೆ. ಒಂದು ತುಂಡು ಕೋಳಿ, ಒಂದು ಹೋಳು ಹಣ್ಣು, ಒಂದು ಎಸಳು ಈರುಳ್ಳಿ, ಮತ್ತೆ ಕೋಳಿ. ಕೊತ್ತಂಬರಿ ಕಟ್ಟನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ ಸವರಿದೆ. ಬೆಲ್ಲದ ರಸ ಕೆಂಡದ ಮೇಲೆ ಬಿದ್ದು ಚುರ್ ಎಂದಾಗಲೆಲ್ಲ ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

“ಗಂಡಸ್ರ ಮುಂದೆ ಅಂಗಳದಾಗೆ ಕುಂತು ಸುಡೋದು ಏನು ಚೆಂದಾನೆ?” ಎಂದು ಅತ್ತೆ ಹೊರಗೆ ಬಂದರು. ಕೈಯಲ್ಲಿ ಸೌಟಿತ್ತು. ಅಭ್ಯಾಸ, ಪಾಪ. ಮಡಕೆ ಎಲ್ಲಿ ಎಂದು ಸುತ್ತ ನೋಡಿದರು. ಇರಲಿಲ್ಲ.

ನಾನೇ ಎಲ್ಲರಿಗೂ ಎರಡೆರಡು ಕಡ್ಡಿ ಕೊಟ್ಟೆ. ಅಣ್ಣ ತಮ್ಮ ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: “ಇದ್ರಾಗೆ ತೊಡೆ ಯಾವುದಮ್ಮಾ?”

“ಗೊತ್ತಿಲ್ಲಣ್ಣಾ. ಯಾರ ಕಡ್ಡ್ಯಾಗೆ ಐತೋ ಅವರ್ದು.”

ಅವರು ಒಂದು ಗಳಿಗೆ ನನ್ನನ್ನು ನೋಡಿ ಜೋರಾಗಿ ನಕ್ಕರು. ಹಿಂದಿನ ಸಲದ್ದು ಅವರೂ ಮರೆತಿರಲಿಲ್ಲ. ತಿಂದು “ಬಾಗುಂದಿ ಚೆಲ್ಲೆಮ್ಮಾ” ಎಂದರು, ಚೆನ್ನಾಗಿದೆ ತಂಗಿ ಎಂದು ಅವರ ತೆಲುಗಿನಲ್ಲಿ. ನಿಜಕ್ಕೂ ಚೆನ್ನಾಗಿತ್ತು. ಆ ಹಟಮಾರಿ ಕೋಳಿ ಬೆಣ್ಣೆಯಾಗಿತ್ತು. ಅತ್ತೆ “ನಂಗೆ ಹಲ್ಲೆಲ್ಲೈತೆ” ಎಂದು ಮೊದಲು ಕಡ್ಡಿ ಮುಟ್ಟಲಿಲ್ಲ. ಆಮೇಲೆ ಒಂದು ತುಂಡು ಕಿತ್ತು ವಸಡಿನಲ್ಲಿಟ್ಟು ಒತ್ತಿದರು. ಇನ್ನೊಂದು ಕಿತ್ತರು. ಎರಡು ಕಡ್ಡಿ ಖಾಲಿಯಾದ ಮೇಲೆ “ಸಿಹಿ ಜಾಸ್ತಿ ಆತು” ಎಂದು ಸೌಟು ತೆಗೆದುಕೊಂಡು ಒಳಗೆ ಹೋದರು.

ಅಲ್ಲಿಗೆ ಅತ್ತೆಯ ಮನಸ್ಸು ಕರಗಿತು ಎಂದುಕೊಳ್ಳಬೇಡಿ. ಅವರೇನು ಫಾರಂ ಕೋಳಿಯಲ್ಲ. ಅಣ್ಣ ಮುಂದಿನ ಸಲ ಬಂದಾಗ ಮತ್ತೆ ಮಡಕೆ ಏರಿತು, ಮತ್ತೆ ಸೌಟು ಎದ್ದಿತು. ನಾನು ನನ್ನ ಮಜ್ಜಿಗೆ ಪಾತ್ರೆ ಹತ್ತಿರ ಎಳೆದುಕೊಂಡೆ. ಒಂದು ತೊಡೆ ಅಳಿಯನ ತಟ್ಟೆಗೆ ಹೋಯಿತು. ಇನ್ನೊಂದು ಮಗನ ತಟ್ಟೆಯ ಮೇಲೆ ಬಂದಾಗ ನಮ್ಮವರು ತಟ್ಟೆಗೆ ಕೈ ಅಡ್ಡ ಹಿಡಿದರು. “ನಂಗೆ ಬ್ಯಾಡವ್ವ. ಅವಳಿಗೆ ಹಾಕು” ಎಂದರು. ಅತ್ತೆ ಸೌಟನ್ನು ಹಾಗೇ ಹಿಡಿದು ನನ್ನನ್ನೇ ನೋಡಿದರು. ಆಮೇಲೆ ಅದನ್ನು ತಮ್ಮ ತಟ್ಟೆಗೆ ಬಗ್ಗಿಸಿಕೊಂಡರು.

“ಅತ್ತೆ, ನಿಮಗೆ ಹಲ್ಲಿಲ್ವಲ್ರಿ!”

“ಚೀಪ್ತೀನಿ. ಈ ಮನೆಗೆ ಬಂದಾಗಿಂದ ಒಂದು ತೊಡೆ ತಿಂದಿಲ್ಲ ನಾನು. ಆಸೆ ನಿಂಗೊಬ್ಳಿಗೇ ಇರೋದು ಅನ್ಕಂಡೀಯೇನೆ?”

ನನಗೆ ಅಳು ಬಂತು, ಅದಕ್ಕಿಂತ ಮುಂಚೆ ನಗು ಬಂತು. ಈ ಹೆಂಗಸು ತನಗೆ ಸಿಗದ್ದನ್ನು ಜೀವಮಾನವಿಡೀ ತನ್ನ ಕೈಯಿಂದಲೇ ಬೇರೆಯವರಿಗೆ ಬಡಿಸಿದ್ದಳು, ಅದೇ ಸೌಟನ್ನು ತನ್ನ ತಟ್ಟೆಗೆ ಬಗ್ಗಿಸುವ ಹೊತ್ತಿಗೆ ಹಲ್ಲು ಹೋಗಿದ್ದವು. ನಾನು ಎದ್ದು ತಟ್ಟೆ ತಂದು ಮುಂದೆ ಹಿಡಿದೆ. ಅತ್ತೆ ಬಾಯಲ್ಲಿ ಮೂಳೆ ಇಟ್ಟುಕೊಂಡೇ ಆ ಸೌಟಿನಿಂದ ನನಗೆ ಕತ್ತು ಬಡಿಸಿದರು. “ಮುಂದಿನ ಕೋಳಿ ತೊಡೆ ನಿಂದು” ಎಂದರು. ಮಾತು ಉಳಿಸಿಕೊಂಡರು ಕೂಡ. ಅಲ್ಲಿಂದ ನಮ್ಮ ಮನೆಯಲ್ಲಿ ತೊಡೆಗೆ ಸರದಿ ಬಂತು, ಸರದಿಯಲ್ಲಿ ಅವರ ಹೆಸರೂ ಇತ್ತು.

ಅತ್ತೆ ಈಗ ಇಲ್ಲ. ಬಸ್ಸು ರಾಂಪುರಕ್ಕೆ ಬಂದಾಗ ಪಕ್ಕದ ಹೆಂಗಸು ಹಣ್ಣಿನ ಚೀಲ ಎತ್ತಿಕೊಂಡು ಇಳಿದಳು. ವಾಸನೆ ಮಾತ್ರ ನನ್ನ ಜೊತೆ ದೇವಸಮುದ್ರದವರೆಗೂ ಬಂತು.

ಮನೆಗೆ ಬಂದರೆ ಮಗಳು, ಅಳಿಯ ಆಗಲೇ ಬಂದಿದ್ದರು. ಮದುವೆಯಾದ ಮೇಲೆ ಅಳಿಯ ನಮ್ಮಲ್ಲಿ ಊಟಕ್ಕೆ ಕೂರುತ್ತಿರುವುದು ಇದೇ ಮೊದಲು. ನಮ್ಮವರು ನಾಟಿ ಕೋಳಿ ಸಾರು ಇಳಿಸಿ, ಮುದ್ದೆ ಕಟ್ಟುತ್ತಿದ್ದರು. ಎಲ್ಲರೂ ಒಟ್ಟಿಗೆ ಕೂತೆವು. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯಾಕೆ “ಹೊಸ ಅಳಿಯೋರು ಕಣಮ್ಮಾ, ನೋಡಿ ಬಡ್ಸು” ಎಂದಳು. ನೋಡಿಯೇ ಬಡಿಸಿದೆ. ಸರದಿ ಯಾರದೆಂದು ನನಗೆ ನೆನಪಿತ್ತು. ಒಂದು ತೊಡೆ ಮಗಳಿಗೆ, ಒಂದು ತೊಡೆ ನನಗೆ. ಅಳಿಯ ತಮ್ಮ ತಟ್ಟೆಯನ್ನೊಮ್ಮೆ, ಹೆಂಡತಿಯ ತಟ್ಟೆಯನ್ನೊಮ್ಮೆ ನೋಡಿದರು. ಪಕ್ಕದ ಮನೆಯಾಕೆ ಕೈ ಬಾಯಿಗಿಟ್ಟುಕೊಂಡಳು.

“ತಿನ್ರಿ ಅಳಿಯೋರೇ,” ಎಂದೆ. “ರೆಕ್ಕೇನೂ ಚೆನ್ನಾಗಿರ್ತೈತೆ. ನಾನು ಭಾಳ ವರ್ಷ ತಿಂದೀನಿ.”