ಬಿರುಕಿಗೆ ಬಳಿದ ಸುಣ್ಣ

ಹೊಸ ಪೇಂಟಿನ ವಾಸನೆ ನನಗೆ ಆಗುವುದಿಲ್ಲ, ತಲೆನೋವು ಬರುತ್ತದೆ. ನಿನ್ನೆ ನಮ್ಮ ಶಾಲೆಯ ರಿಪೇರಿಯಾದ ಕೋಣೆಯ ಬೀಗ ತೆಗೆದಾಗ ಅದೇ ವಾಸನೆ ಮೂಗಿಗೆ ಬಡಿಯಿತು. ದೊಡ್ಡ ಮೇಡಂ ನೆನಪಾದರು...

ಹಲಸೂರಿನ ಈ ಸರ್ಕಾರಿ ಶಾಲೆಗೆ ನಾನು ಟೀಚರಾಗಿ ಬಂದಾಗ ಅವರು ಮುಖ್ಯೋಪಾಧ್ಯಾಯಿನಿ. ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ದಖನಿ ಉರ್ದು, ಬಸ್ಸಿನಲ್ಲಿ ತಮಿಳು, ಅರ್ಜಿಯಲ್ಲಿ ಅಚ್ಚಗನ್ನಡ. ಮೂರನೇ ತರಗತಿಯ ಕೋಣೆಯ ಚಾವಣಿ ಬಿರುಕು ಬಿಟ್ಟಿತ್ತು. ಅದನ್ನು ಸರಿಮಾಡಿಸಲು ಅವರು ಬರೆದ ಅರ್ಜಿಗಳು ಒಂದೆರಡಲ್ಲ. ಕೊನೆಗೂ ಪತ್ರ ಬಂತು: ಶಾಲೆಗಳ ಸುರಕ್ಷತೆಗೆ ಸರ್ಕಾರ ಹಣ ಕೊಡುತ್ತದೆ, ಮೊದಲು ಇಂಜಿನಿಯರ್ ಬಂದು ನೋಡುತ್ತಾರೆ.

ಇಂಜಿನಿಯರ್ ಬರುವ ಹಿಂದಿನ ದಿನ ಮೇಡಂ ಮೀಟಿಂಗಿಗೆ ಹೋಗಿದ್ದರು. ಇನ್‌ಸ್ಪೆಕ್ಷನ್ ಅಂದರೆ ಸಾಕು, ನಮ್ಮ ಶಾಲೆಗಳು ಮದುವೆಮನೆಯಾಗುತ್ತವೆ. ರೂಢಿಯಂತೆ ನಾನೂ ಸೆರಗು ಸಿಕ್ಕಿಸಿದೆ. ಆಳು ಕರೆಸಿ ಬಿರುಕಿಗೆ ಸಿಮೆಂಟ್ ಮೆತ್ತಿಸಿ, ಸುಣ್ಣ ಬಳಿಸಿ, ಬಣ್ಣದ ಕಾಗದದ ತೋರಣ ಕಟ್ಟಿಸಿದೆ. ಮೇಡಂ ಮೆಚ್ಚಿಕೊಳ್ಳುತ್ತಾರೆ ಎಂಬ ಆಸೆ ಬೇರೆ! ಮರುದಿನ ಮೇಡಂ ಬರುವ ಮೊದಲೇ ಇಂಜಿನಿಯರ್ ಬಂದರು.

"ಏನ್ ಮಿಸ್, ರೂಮ್ ಸೂಪರಾಗಿದೆಯಲ್ಲ!" ಎಂದರು. ದುರಸ್ತಿ ಬೇಕಿಲ್ಲವೆಂದು ಬರೆದುಕೊಂಡು ಹೊರಟೇಬಿಟ್ಟರು. ಬಿರುಕಿದೆ ಸಾರ್ ಎಂದು ನಾನು ಬಾಯಿ ಬಿಡಬಹುದಿತ್ತು. ಹೊಗಳಿಕೆಗೆ ಉಬ್ಬಿ ನಿಂತಿದ್ದೆ. ನನ್ನ ಬುದ್ಧಿಗೆ ಮಂಕು ಬಡಿದಿತ್ತು.

ಮೇಡಂ ಬಂದಾಗ ನಡೆದದ್ದು ಹೇಳಿದೆ, ಮಂಗಳಾರತಿ ಖಂಡಿತ ಎಂದುಕೊಂಡೆ. ಮೇಡಂ ತೋರಣ ನೋಡಿದರು, ಚಾವಣಿ ನೋಡಿದರು.

"ಹೋಗ್ಲಿ ಬಿಡಮ್ಮ. ಮನೆಗೆ ಯಾರಾದ್ರೂ ಬಂದ್ರೆ ನಾವೂ ಹರಿದ ಹಾಸಿಗೆ ಮೇಲೆ ಒಳ್ಳೆ ಚಾದರ ಹಾಕ್ತೀವಲ್ಲ... ಮಕ್ಕಳ್ನ ನನ್ನ ಆಫೀಸ್ ರೂಮಲ್ಲಿ ಕೂರ್ಸು."

"ನೀವೆಲ್ಲಿ ಕೂರ್ತೀರಾ ಮೇಡಂ?"

"ಇಲ್ಲೇ. ನಂದೊಂದೇ ತಲೆ ಅಲ್ವಾ?"

ಮತ್ತೆ ಮತ್ತೆ ಅರ್ಜಿ ಹಾಕಿದರು. ಪ್ರತಿ ಸಲವೂ ಕಚೇರಿಯವರು ಆ ವರದಿಯನ್ನೇ ತೋರಿಸಿ ಕಳಿಸಿದರು. ಎರಡು ವರ್ಷ ಮೇಡಂ ಆ ಬಿರುಕಿನ ಕೆಳಗೇ ಮೇಜು ಹಾಕಿಕೊಂಡು ಕುಳಿತರು. ಒಂದು ಮಧ್ಯಾಹ್ನ, ಬಿಸಿಯೂಟದ ಹೊತ್ತಿಗೆ, ಗಾರೆಯ ದೊಡ್ಡ ತುಂಡು ಅವರ ಬಲಭುಜದ ಮೇಲೆ ಬಿತ್ತು. ಅಷ್ಟೊಂದು ಅರ್ಜಿ ಬರೆದ ಕೈ ಆಮೇಲೆ ಪೆನ್ನು ಹಿಡಿಯಲಿಲ್ಲ. ಕೆಲಸ ಬಿಟ್ಟರು. ಆಗ ಹಣ ಮಂಜೂರಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಹಣ ಚಾವಣಿ ಮುಟ್ಟಲು ಮತ್ತೆ ವರ್ಷಗಳೇ ಬೇಕಾದವು. ಕಚೇರಿಗೆ ಅಲೆದು ಅಲೆದು ನನಗೂ ಸಾಕಾಗಿತ್ತು.

ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ಚಹಾದ ಲೋಟ ಮುಂದೆ ಚಾಚುತ್ತಾ, "ಎಡಗೈಲಿ ಕೊಡ್ತಿದ್ದೀನಿ, ತಪ್ಪು ತಿಳ್ಕೋಬೇಡಮ್ಮ," ಎನ್ನುತ್ತಿದ್ದರು. ಹೋದಾಗೆಲ್ಲ ಅವರೇ ನನ್ನ ಕ್ಷಮೆ ಕೇಳಿದರು. ನಾನು ಶಾಲೆಯ ಸುದ್ದಿ ಹೇಳಿ, ಚಹಾ ಕುಡಿದು ಎದ್ದು ಬರುತ್ತಿದ್ದೆ. ನಾನು ಕೇಳಬೇಕಾದ ಕ್ಷಮೆ ಮುಂದಿನ ಸಲ ಕೇಳಿದರಾಯಿತು ಎಂದುಕೊಂಡೆ... ಹೋದ ವರ್ಷ ಅವರು ತೀರಿಕೊಂಡರು.

ಇವತ್ತು ಮೂರನೇ ತರಗತಿಯನ್ನು ಆ ಕೋಣೆಗೆ ಕರೆತಂದೆ. ಬೆಂಚು ಹೊಸದು, ಗಲಾಟೆ ಮಾತ್ರ ಹಳೆಯದೇ. ಒಬ್ಬಳ ನೀರಿನ ಬಾಟಲಿ ಉರುಳಿ ನನ್ನ ಸೀರೆಯೆಲ್ಲ ಒದ್ದೆಯಾಯಿತು.

"ತಪ್ಪಾಯ್ತು ಮಿಸ್," ಎಂದಳು ಆ ಹುಡುಗಿ, ನಾನು ತಿರುಗಿ ನೋಡುವ ಮೊದಲೇ.