ಅಪ್ಪನ ಹೊಸ ಹಲ್ಲು

ಅಮ್ಮನಿಗೆ ಅರಳುಮರಳು ಎಂದು ಮನೆಯಲ್ಲಿ ಮೊದಲು ಬಾಯಿಬಿಟ್ಟವಳು ನಾನೇ. ಆ ತಪ್ಪನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ. ಆದರೆ ಆ ಎರಡು ತಿಂಗಳು ನಮ್ಮ ಮನೆಯಲ್ಲಿದ್ದಿದ್ದರೆ ನೀವೂ ಹಾಗೇ ಹೇಳುತ್ತಿದ್ದಿರಿ.

ಅಪ್ಪ ಬಿಸಿನೀರು ಕೇಳಿದರೆ ಅಮ್ಮ ಕತ್ತರಿ ತಂದುಕೊಡುವಳು. ಚಿಲಕ ಹಾಕಬೇಡ, ಈಗ ಬಂದೆ ಎಂದು ಅಪ್ಪ ಹೊರಟರೆ, ಸರಿಯೆಂದು ತಲೆಯಾಡಿಸಿ, ಚಿಲಕ ಹಾಕಿ ಮಲಗಿಬಿಡುವಳು. ಒಂದು ಮಧ್ಯಾಹ್ನ ಅಪ್ಪ ಬಿಸಿಲಲ್ಲಿ ನಿಂತು ಗಂಟೆಗಟ್ಟಲೆ ಬಾಗಿಲು ಬಡಿದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅವತ್ತು ಕೆಲಸದಿಂದ ಬಂದವಳೇ, ಇನ್ನು ಒಲೆ ಹಚ್ಚಕೂಡದು, ಒಬ್ಬಳೇ ಹೊರಗೆ ಕಾಲಿಡಕೂಡದು ಎಂದು ಅಮ್ಮನಿಗೆ ಕಟ್ಟಪ್ಪಣೆ ಮಾಡಿದೆ.

ಅವಳು ವಾದ ಮಾಡಲಿಲ್ಲ. "ನನ್ ತಲೆ ಕೈಕೊಡ್ತಿದೆ ಕಣೇ" ಎಂದಳು. "ನಿಮ್ಮಪ್ಪ ಮಾತಾಡಿದ್ರೆ ಒಂದೂ ಅರ್ಥ ಆಗಲ್ಲ. ಯಾರೋ ಗೊತ್ತಿಲ್ಲದವರು ಮಾತಾಡಿದ ಹಾಗಿರುತ್ತೆ."

ನನ್ನ ಜೊತೆ ಮಾತ್ರ ನೆಟ್ಟಗೇ ಮಾತಾಡುತ್ತಿದ್ದಳು. ಮರೆವಿನ ಕಾಯಿಲೆಯೇ ಹಾಗೆ, ಒಂದು ಹೊತ್ತು ಇದ್ದಂತೆ ಇನ್ನೊಂದು ಹೊತ್ತು ಇರುವುದಿಲ್ಲ ಎಂದು, ಎಲ್ಲ ತಿಳಿದವಳ ಹಾಗೆ ನಾನೇ ಹೇಳಿಕೊಂಡೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬಾಯಿಗೆ ಮಾಸ್ಕ್ ಹಾಕಿಕೊಂಡು ಐದು ಪ್ರಶ್ನೆ ಕೇಳಿದರು. ಇವತ್ತು ಯಾವ ವಾರ ಎಂದರೆ ಅಮ್ಮ "ಅರವತ್ತೊಂಬತ್ತು" ಎಂದು ತನ್ನ ವಯಸ್ಸು ಹೇಳಿದಳು. ಡಾಕ್ಟರು ನನ್ನ ಕಡೆ ನೋಡಿ ತಲೆಯಾಡಿಸಿದರು.

ಮರೆವಿನವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಜಾಗ ಸಿಕ್ಕಿತು. ಸೋಮವಾರ ಕರೆದುಕೊಂಡು ಬನ್ನಿ ಎಂದರು. ಅಪ್ಪನನ್ನು ಕೇಳಿದೆ. ಅವರು ಗೋಡೆಯ ಕಡೆ ಮುಖ ಮಾಡಿ, "ನಿನಗೆ ಸರಿ ಕಂಡ ಹಾಗೆ ಮಾಡಮ್ಮ" ಎಂದರು. ಅಮ್ಮ ಅಲ್ಲೇ ಕೂತಿದ್ದಳು. ತಿರುಗಿಯೂ ನೋಡಲಿಲ್ಲ.

ಭಾನುವಾರ ಅವಳ ಬಟ್ಟೆ ಜೋಡಿಸುತ್ತಿದ್ದೆ. ಅವಳು ಬೆನ್ನು ತಿರುಗಿಸಿ ಕಿಟಕಿಯ ಬಳಿ ನಿಂತಿದ್ದಳು. ಯಾವ ಸ್ವೆಟರ್ ಬೇಕಮ್ಮ ಎಂದೆ. ಮಾತಿಲ್ಲ. ಮತ್ತೆ ಕೇಳಿದೆ. ಸಿಟ್ಟು ನೆತ್ತಿಗೇರಿ, ಕೈಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ನೆಲಕ್ಕೆ ಬಡಿದೆ. ಪಕ್ಕದ ಮನೆಯ ನಾಯಿ ಬೊಗಳಿತು. ಅಮ್ಮ ಅಲುಗಾಡಲಿಲ್ಲ.

ಪಕ್ಕದ ಮನೆಯ ನಾಯಿಗೂ ಕೇಳಿದ ಸದ್ದು ಅಮ್ಮನಿಗೆ ಕೇಳಿರಲಿಲ್ಲ.

ಅಪ್ಪ ಅಮ್ಮ ಇಬ್ಬರೂ ನೇಯ್ಗೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಎದುರುಬದುರು ಮಗ್ಗದಲ್ಲಿ ದುಡಿದವರು. ಆ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ, ಎಲ್ಲರೂ ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದರು. ಅವರ ಮದುವೆಯ ಮಾತೂ ಹಾಗೇ ತುಟಿಯಲ್ಲೇ ಮುಗಿದಿತ್ತಂತೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಹಿಂದಿನಿಂದ ಕೂಗುವುದಿಲ್ಲ. ಭುಜ ಮುಟ್ಟಿ, ಎದುರಿಗೆ ಬಂದು, ಬಾಯಿ ಅಗಲಿಸಿ ಮಾತಾಡುತ್ತೇವೆ. ಅದನ್ನು ನಾನು ಪ್ರೀತಿ ಎಂದುಕೊಂಡು ಬೆಳೆದೆ. ಶಾಲೆಯಲ್ಲಿ ನನಗೆ "ಬೋಸಿಬಾಯಿ" ಎಂದು ಅಡ್ಡಹೆಸರೂ ಬಿದ್ದಿತ್ತು.

ಎರಡು ತಿಂಗಳ ಹಿಂದೆ ಅಪ್ಪ ಇದ್ದಬದ್ದ ಹಲ್ಲನ್ನೆಲ್ಲ ಕೀಳಿಸಿ ಹೊಸ ಹಲ್ಲು ಕಟ್ಟಿಸಿಕೊಂಡಿದ್ದರು. ಮದುಮಗನ ಹಾಗೆ ಕನ್ನಡಿ ಮುಂದೆ ನಿಲ್ಲುತ್ತಿದ್ದರು. ಮೇಲ್ತುಟಿ ಮುಂದೆ ಬಂದಿತ್ತು, ಬಾಯಿ ಮೊದಲಿನಂತೆ ತೆರೆಯುತ್ತಿರಲಿಲ್ಲ. ಅಮ್ಮ ನಲವತ್ತು ವರ್ಷ ಓದಿಕೊಂಡು ಬಂದ ಬಾಯಿ ಅದಾಗಿರಲಿಲ್ಲ.

ಸೋಮವಾರ ಬೆಳಿಗ್ಗೆಯೇ ಅಮ್ಮನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ, ಎರಡೂ ಕಿವಿ ಪೂರ್ತಿ ಹೋಗಿವೆ, ಇವತ್ತು ನಿನ್ನೆಯದಲ್ಲ, ಇಷ್ಟಾದ ಮೇಲೆ ಮಿಷನ್ ಹಾಕಿಯೂ ಪ್ರಯೋಜನ ಕಡಿಮೆ ಎಂದರು. ನಾನು ಎದುರಿಗೆ ನಿಂತು ಅದನ್ನು ಹೇಳಿದಾಗ ಅಮ್ಮನಿಗೇ ಆಶ್ಚರ್ಯ. "ನಂಗೆ ಕೇಳ್ಸುತ್ತಲ್ಲ! ಈಗಿನ ಜನ ಮೆತ್ತಗೆ ಮಾತಾಡ್ತಾರೆ ಅಷ್ಟೆ" ಎಂದು ಜಗಳಕ್ಕೇ ನಿಂತಳು. ಆಮೇಲೆ, "ಹಾಗಾದ್ರೆ ತಲೆ ಸರಿಯಾಗಿದೆಯಾ?" ಎಂದು ನನ್ನ ಬಾಯಿಯನ್ನೇ ನೋಡುತ್ತಾ ಕೇಳಿದಳು. ಸರಿಯಾಗಿದೆಯಮ್ಮ ಎಂದೆ. ಎಷ್ಟು ಅತ್ತಳೋ ಅಷ್ಟೇ ಬೈದಳು. ಬೈಸಿಕೊಂಡೆ.

ಅವತ್ತು ಪೆಟ್ಟಿಗೆ ಹೊರಡಲಿಲ್ಲ. ನಾವು ಮನೆಗೆ ಬಂದ ಕೂಡಲೇ ಅಪ್ಪ ಕುರ್ಚಿ ಎಳೆದುಕೊಂಡು ಅಮ್ಮನ ಎದುರು ಕೂತರು. ಏನೋ ಹೇಳಿದರು. ಅವಳು ಕಣ್ಣು ಕಿರಿದಾಗಿಸಿ ನೋಡಿ, ಗೊತ್ತಾಗಲಿಲ್ಲ ಎಂದಳು. ಅಪ್ಪ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ. ಅವಳನ್ನ ಕಳಿಸೋಕೆ ನಾನೂ ಹೂಂ ಅಂದಿದ್ದೆ. ತಪ್ಪಾಯ್ತು ಅಂತ ಹೇಳು."

ಅಮ್ಮನಿಗೆ ಅದು ಗೊತ್ತಿರಲಿಲ್ಲ. ಇದೆಲ್ಲ ನನ್ನೊಬ್ಬಳ ಕಿತಾಪತಿ ಎಂದೇ ತಿಳಿದಿದ್ದಳು. ಹೇಳಲೋ ಬೇಡವೋ ತೋಚದೆ ತಡವರಿಸಿದೆ. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈ ಅಡ್ಡ ಹಿಡಿದಳು.

"ನೀನು ಸುಮ್ನಿರು. ಅವರೇ ಹೇಳ್ಲಿ. ನನಗೆ ಅರ್ಥ ಆಗೋವರೆಗೂ ಹೇಳ್ಲಿ."

ಅಪ್ಪ ಹೇಳಿದರು. ಅವಳು ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ಹೇಳಿದರು. ಅವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿಕೊಂಡಳು. ಮೂರನೆಯ ಸಲಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ನೋಡಿದೆ. ಆದರೂ, "ಇಲ್ಲ, ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳಿ" ಎಂದಳು.